ಗೋಡೆ ಮುಟ್ಟಿ ತಿರುಗಿದ ಬೇರು

ಟೀ ಕಾರ್ಖಾನೆಯ ಕಸವನ್ನು ಇದ್ದ ಹಾಗೇ ಮೂಟೆ ಕಟ್ಟಿ ಹೊರಗೆ ತರುವಂತಿಲ್ಲ ಎಂಬುದು ನನಗೆ ತಿಳಿದದ್ದು, ಅಂಥದೊಂದು ಮೂಟೆಯನ್ನು ಜೀಪಿಗೆ ಹಾಕಿಸಿಕೊಂಡು ಗೇಟಿನವರೆಗೆ ಬಂದ ಮೇಲೆ. ಕಾವಲುಗಾರ ಅಡ್ಡ ನಿಂತ. ಒಳಗಿನಿಂದ ಮ್ಯಾನೇಜರ್ ಓಡಿಬಂದರು. ಅದಕ್ಕೆ ಮೊದಲು ಎಷ್ಟೋ ಸಲ ಅವರೇ ನನಗೆ ಸಣ್ಣ ಬಟ್ಟೆಚೀಲದಲ್ಲಿ ಅದೇ ಕಸವನ್ನು ನಗುನಗುತ್ತಾ ಕೊಟ್ಟು ಕಳಿಸಿದ್ದರು.

"ಒಂದು ಹಿಡಿ ಪ್ರಯೋಗಕ್ಕೆ ಅಂತ ಕೊಟ್ಟೆ ಮೇಡಂ, ಯಾರೂ ಕೇಳಲ್ಲ. ಮೂಟೆ ಅಂದ್ರೆ ಲೈಸೆನ್ಸ್ ಬೇಕು. ಸುಣ್ಣ ಕಲಸದೆ ಹೊರಗೆ ಬಿಟ್ಟರೆ ನಾನು ಕಾರ್ಖಾನೆಗೆ ಬೀಗ ಹಾಕಿಕೊಂಡು ನಿಮ್ಮ ಜೊತೆ ಕಾಲೇಜಿಗೆ ಬರಬೇಕಾಗುತ್ತೆ," ಎಂದರು.

ವಿಷಯ ಇಷ್ಟೇ. ಟೀ ಪುಡಿಯನ್ನು ಜರಡಿ ಹಿಡಿದ ಮೇಲೆ ಕಂದು ನಾರು, ಕಡ್ಡಿ, ಹತ್ತಿಯಂಥ ಧೂಳು ಉಳಿಯುತ್ತದೆ. ಅದನ್ನು ಕೊಂಡುಹೋಗಿ ಬಣ್ಣ ಹಾಕಿ ಮತ್ತೆ ಟೀ ಪುಡಿಗೇ ಬೆರೆಸಿ ಮಾರುವ ಪುಣ್ಯಾತ್ಮರು ನಾಡಿನಲ್ಲಿ ಬೇಕಾದಷ್ಟಿದ್ದಾರೆ. ಅದಕ್ಕೇ ಕಸವನ್ನು ಹೊರಗೆ ಬಿಡುವ ಮುಂಚೆ ಯಾರೂ ಕುಡಿಯಲಾಗದ ಹಾಗೆ ಕೆಡಿಸಬೇಕು. ಕೆಲವರು ಸಗಣಿ ಕಲಸುತ್ತಾರೆ. ನೀಲಗಿರಿಯ ಮಂಜೂರಿನ ದಾರಿಯ ಈ ಕಾರ್ಖಾನೆಯಲ್ಲಿ ಸುಣ್ಣ ಕಲಸುವುದು ರೂಢಿ. ವಾಸನೆಯಿಲ್ಲ, ನೊಣ ಬರುವುದಿಲ್ಲ, ನೋಡಿದ ಕೂಡಲೇ ಬೆಳ್ಳಗೆ ಕಾಣುತ್ತದೆ.

ನಾನು ಆಗ ಊಟಿಯ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗುತ್ತಿಗೆಯ ಅಧ್ಯಾಪಕಿ. ನಮ್ಮದು ಸುಸ್ಥಿರ ವಿನ್ಯಾಸ ಮತ್ತು ತಯಾರಿಕೆ ಎಂಬ ಉದ್ದ ಹೆಸರಿನ ವಿಭಾಗ. ಗುಂಡ್ಲುಪೇಟೆಯಲ್ಲಿರುವ ನನ್ನ ತಮ್ಮ, "ಪ್ಲಾಸ್ಟಿಕ್ ಬಿಡಿ ಅಂತ ಹೇಳೋದಕ್ಕೂ ಸಂಬಳ ಕೊಡ್ತಾರಾ?" ಎಂದು ರೇಗಿಸುತ್ತಿದ್ದ. ಕೊಡುತ್ತಿದ್ದರು, ಆದರೆ ವರ್ಷ ವರ್ಷವೂ ಕೈ ಚಾಚಿ ಕೇಳಬೇಕಿತ್ತು. ಆ ವರ್ಷ ವಿಭಾಗಕ್ಕೆ ಒಂದು ಕಾಯಂ ಹುದ್ದೆ ಬಂದಿತ್ತು. ಅದು ನನಗೆ ಸಿಗಬೇಕಾದರೆ ನನ್ನ ಯೋಜನೆಯನ್ನು ಹೊರಗಿನ ಸಮಿತಿಯೊಂದು ಸ್ಥಳಕ್ಕೆ ಬಂದು ನೋಡಿ ಒಪ್ಪಬೇಕು. ಒಪ್ಪದಿದ್ದರೆ ಗುತ್ತಿಗೆಯೂ ಮುಂದುವರಿಯುವುದಿಲ್ಲ ಎಂದು ವಿಭಾಗದ ಮುಖ್ಯಸ್ಥರು ಮೊದಲೇ ಹೇಳಿದ್ದರು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಾಠ ಮಾಡುವಾಗ ಬೋರ್ಡಿನಿಂದ ಬಾಗಿಲಿಗೆ, ಬಾಗಿಲಿನಿಂದ ಬೋರ್ಡಿಗೆ ನಡೆಯುತ್ತಿದ್ದೆ. ನನ್ನನ್ನು ನೋಡಿದರೇ ತಲೆ ಸುತ್ತುತ್ತದೆ ಎಂದು ವಿದ್ಯಾರ್ಥಿನಿಯೊಬ್ಬಳು ಹೇಳಿದ್ದು ಸುಳ್ಳಲ್ಲ.

ಯೋಜನೆ ಏನೆಂದರೆ, ಟೀ ಸಸಿಗೆ ಪಾಲಿಥೀನ್ ಚೀಲ ಬಿಟ್ಟು ಬೇರೆ ಏನಾದರೂ ಕೊಡುವುದು. ಬೆಟ್ಟದಲ್ಲಿ ಎಲ್ಲೆಂದರಲ್ಲಿ ಪ್ಲಾಸ್ಟಿಕ್ ತಡೆಯುತ್ತಾರೆ, ಚೆಕ್‌ಪೋಸ್ಟಿನಲ್ಲಿ ಪ್ರವಾಸಿಗರ ನೀರಿನ ಬಾಟಲಿ ಕಿತ್ತುಕೊಳ್ಳುತ್ತಾರೆ. ಅದೇ ಬೆಟ್ಟದ ನರ್ಸರಿಗಳಲ್ಲಿ ಕರಿ ಪಾಲಿಥೀನ್ ಕೊಳವೆಗಳು ಸಾಲುಸಾಲಾಗಿ ನಿಂತಿರುತ್ತವೆ. ನಾಟಿಯ ದಿನ ಅವನ್ನು ಸೀಳಿ ಎಸೆದರೆ ಮುಂದಿನ ಮಳೆಗೆ ಹಳ್ಳ ಸೇರುತ್ತವೆ. ಟೀ ಕಸದಿಂದಲೇ ಕೊಳವೆ ಒತ್ತಿದರೆ ಅದನ್ನು ಸೀಳುವ ಕೆಲಸವೇ ಇಲ್ಲ. ಸಸಿಯ ಜೊತೆಗೇ ಗುಂಡಿಗೆ ಇಳಿಸಬಹುದು, ಒಂದೆರಡು ವರ್ಷದಲ್ಲಿ ಮಣ್ಣಾಗುತ್ತದೆ. ಟೀಯಿಂದ ಹುಟ್ಟಿದ್ದು ಟೀಗೇ ಸೇರುತ್ತದೆ ಎಂಬ ಮಾತನ್ನು ನಾನು ಎಲ್ಲ ಸಭೆಗಳಲ್ಲೂ ಹೇಳುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು.

ಕಸವನ್ನು ನೆನೆಸಿ, ರುಬ್ಬಿ, ಅಂಟಿಗೆ ಮರಗೆಣಸಿನ ಗಂಜಿ ಕಲಸಿ, ಬಿಸಿ ಅಚ್ಚಿನಲ್ಲಿ ಒತ್ತಬೇಕು. ಗೆಣಸು ಗೂಡಲೂರಿನಿಂದ ಬರುತ್ತಿತ್ತು. ಅಲ್ಲಿನ ಅಂಗಡಿಯವರು 'ಕಪ್ಪ' ಎನ್ನುತ್ತಾರೆ. ವಾರಕ್ಕೊಮ್ಮೆ ಮೂಟೆ ಕಪ್ಪ ಒಯ್ಯುವ ನನ್ನನ್ನು ಹೋಟೆಲಿನವಳೆಂದೇ ಅವರು ತಿಳಿದಿದ್ದರು. ಮೊದಲ ಕೊಳವೆಗಳು ಮಂಜಿಗೇ ಕರಗಿ ಕುಸಿದವು. ಗಂಜಿ ದಪ್ಪ ಮಾಡಿದರೆ ಅಚ್ಚಿಗೆ ಅಂಟಿಕೊಂಡು ಚೂರುಚೂರಾಗಿ ಬಂದವು. ಅಚ್ಚಿನ ಕಾವು ಏರಿಸಿ, ಒತ್ತಿ ಹಿಡಿಯುವ ಹೊತ್ತು ಹೆಚ್ಚಿಸಿದ ಮೇಲೆ ಗಟ್ಟಿಯಾದವು, ಆದರೆ ತಿಂಗಳೊಳಗೆ ಹಸಿರು ಬೂಷ್ಟು ಹಿಡಿಯಿತು. ನೀಲಗಿರಿಯ ಗಾಳಿಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಗಂಜಿ ಹಾಕಿದ ನಾರನ್ನು ಬಿಡುತ್ತದೆಯೇ? ಬೂಷ್ಟಿಗೆ ಮದ್ದು ಹುಡುಕಿ ಹುಡುಕಿ ನನ್ನ ತಲೆ ಕೆಟ್ಟುಹೋಗಿತ್ತು.

ಅಂಥ ಹೊತ್ತಿಗೆ ಲೈಸೆನ್ಸ್ ಮಾಡಿಸಿಕೊಂಡು, ಸುಣ್ಣ ಕಲಸಿದ ಕಸದ ಮೂಟೆಗಳನ್ನು ಕಾನೂನುಬದ್ಧವಾಗಿ ತಂದೆ. ಅಚ್ಚಿಗೆ ಹಾಕಿ ತೆಗೆದರೆ ಕೊಳವೆ ಟಣ್ ಎಂದಿತು. ಬೂಷ್ಟು ಇಲ್ಲ, ಬಿರುಕು ಇಲ್ಲ, ಮಳೆಯಲ್ಲಿ ಇಟ್ಟರೂ ಜಗ್ಗಲಿಲ್ಲ. ಸುಣ್ಣ ನನ್ನ ಪಾಲಿಗೆ ದೇವರೇ ಕಳಿಸಿದ ವರ ಎನ್ನಿಸಿತು. ಮುಖ್ಯಸ್ಥರು ಬೆನ್ನು ತಟ್ಟಿ, ಕೊಳವೆಯ ಮೇಲೆ ಹತ್ತಿ ನಿಂತು ಫೋಟೊ ತೆಗೆಸಿಕೊಂಡರು. ಗಟ್ಟಿತನ, ನೀರು ಹೀರುವಿಕೆ, ಕೊಳೆಯುವ ವೇಗ, ಎಲ್ಲವನ್ನೂ ಅಳೆದೆವು. ಅಳೆಯದೆ ಬಿಟ್ಟದ್ದು ಒಂದೇ ಒಂದು. ಅದು ನಮ್ಮ ವಿಭಾಗದ ಅಳತೆಯಾಗಿರಲಿಲ್ಲ.

ಪ್ರಯೋಗಕ್ಕೆ ಒಪ್ಪಿದವರು ಎಮರಾಲ್ಡ್ ಎಂಬ ಊರಿನಿಂದ ಮುಂದೆ ಒಂದು ಹಟ್ಟಿಯಲ್ಲಿ ಸಣ್ಣ ನರ್ಸರಿ ಇಟ್ಟುಕೊಂಡಿದ್ದ ಬಡಗ ಹೆಂಗಸು. ಅರವತ್ತರ ಆಸುಪಾಸು, ಬಿಳಿ ಮುಂಡು, ತಲೆಗೆ ಬಿಳಿ ವಸ್ತ್ರ, ಬಾಯಿ ತುಂಬ ಮಾತು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ಅವರ ಬಡಗು, ನನ್ನ ಗುಂಡ್ಲುಪೇಟೆ ಕನ್ನಡ, ನಡುವೆ ಒಂದಿಷ್ಟು ತಮಿಳು. ಮೂರೂ ಸೇರಿ ನಮ್ಮ ಸಂಸಾರ ನಡೆಯುತ್ತಿತ್ತು. ಅವರು ಮನೆ ಕೆಳಗಿನ ಇಳಿಜಾರಿನ ಮುದಿ ಗಿಡಗಳನ್ನು ಆಗಲೇ ಕೀಳಿಸಿ ನೆಲ ಹಸನು ಮಾಡಿದ್ದರು. ಬರುವ ಮಳೆಗಾಲದಲ್ಲಿ ಅಲ್ಲಿ ನೆಡಲು ಸಾವಿರದ ಹತ್ತಿರ ಸಸಿ ಬೇಕಿತ್ತು. ಅಷ್ಟನ್ನೂ ನನ್ನ ಕೊಳವೆಯಲ್ಲೇ ಬೆಳೆಸುತ್ತೇನೆಂದರು. ಯೋಜನೆ ಗೆದ್ದರೆ ಎರಡನೆಯ ಹಂತದಲ್ಲಿ ಆ ಹಟ್ಟಿಯ ಹೆಂಗಸರ ಸಂಘಕ್ಕೆ ಒಂದು ಒತ್ತುಯಂತ್ರ ಬರುವುದಿತ್ತು. ಅಕ್ಕನೇ ಸಂಘದ ಮುಂದಾಳು. ಯಂತ್ರ ಇಡುವ ಜಾಗಕ್ಕೆ ಆಗಲೇ ಸಿಮೆಂಟು ಬಳಿಸಿದ್ದರು.

ಆಗಸ್ಟಿನಲ್ಲಿ ಒಂದೊಂದೇ ಎಲೆಯಿರುವ ಕಡ್ಡಿಗಳನ್ನು ಕೊಳವೆಗೆ ಊರಿದೆವು. ಚಿಗುರು ಚೆನ್ನಾಗಿಯೇ ಬಂತು. ಜನವರಿಯಲ್ಲಿ ಹಿಮ ಬಿದ್ದ ಮೇಲೆ ಎಳೆ ಎಲೆಗಳು ಹಳದಿಗೆ ತಿರುಗಿದವು. ನರ ಮಾತ್ರ ಹಸಿರು, ನಡುವೆಲ್ಲ ನಿಂಬೆಹಣ್ಣಿನ ಬಣ್ಣ.

"ಪನಿ ಸುಟ್ಟದೆ, ಅಷ್ಟೇ," ಎಂದರು ಅಕ್ಕ, ಹಿಮವನ್ನೇ ಪನಿ ಎನ್ನುತ್ತಾ. "ಎಂಗ ಅವಲಾಂಚ್ ಬೆಟ್ಟದ ಕಡೆ ಗಾಳಿ ಹಂಗೇ. ಮಾಸಿಗೆ ಬಿಸಿಲು ಬಂದರೆ ಹಸಿರಾಗ್ತದೆ. ನಿಂಗ ಎತ್ತಕ ಮುಖ ಸಣ್ಣ ಮಾಡ್ಕೊಂಡಿದ್ದೀರಿ?"

ಮಾಸಿ ತಿಂಗಳು ಬಂತು, ಮಾರ್ಚಿನ ಬಿಸಿಲೂ ಬಂತು. ಹಳದಿ ಇನ್ನೂ ಹಳದಿಯಾಯಿತು. ನಾನು ನೀರು ಬದಲಿಸಿದೆ, ನೆರಳಿನ ಬಲೆ ಬದಲಿಸಿದೆ, ಗೊಬ್ಬರ ನಿಲ್ಲಿಸಿದೆ, ಮತ್ತೆ ಹಾಕಿದೆ. ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಹಟ್ಟಿಗೆ ಹೋಗುತ್ತಿದ್ದೆ. ಪಕ್ಕದಲ್ಲೇ ಅಕ್ಕ ಹಳೆಯ ಪಾಲಿಥೀನಿನಲ್ಲಿ ಮನೆಬಳಕೆಗೆಂದು ಇಟ್ಟುಕೊಂಡಿದ್ದ ಸ್ವಲ್ಪ ಸಸಿಗಳಿದ್ದವು. ಅದೇ ಹಿಮ, ಅದೇ ನೀರು. ಅವು ಕಪ್ಪುಹಸಿರಾಗಿ ನಗುತ್ತಿದ್ದವು. ಅವನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಕೊನೆಗೊಂದು ದಿನ ಕಾಲೇಜಿನ ಪಿಎಚ್ ಮೀಟರನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಅಕ್ಕನ ಅಡುಗೆಮನೆಯ ಜಗುಲಿಯಲ್ಲಿ ಒಂದು ಕೊಳವೆಯನ್ನು ಉದ್ದಕ್ಕೆ ಸೀಳಿದೆ. ನಡುವಿನ ಮಣ್ಣನ್ನು ನೀರಿನಲ್ಲಿ ಕಲಸಿ ಅಳೆದೆ. ಟೀ ಗಿಡಕ್ಕೆ ಬೇಕಾದ ಹುಳಿ ಸರಿಯಾಗಿಯೇ ಇತ್ತು. ಗೋಡೆಗೆ ತಾಗಿದ ಮಣ್ಣನ್ನು ಅಳೆದೆ. ಮೀಟರಿನ ಅಂಕೆ ಏರುತ್ತಾ ಹೋಯಿತು, ಅಂದರೆ ಹುಳಿ ಇಳಿಯುತ್ತಾ ಹೋಯಿತು. ಮೀಟರು ಕೆಟ್ಟಿದೆಯೆಂದು ತೊಳೆದು ಮತ್ತೆ ಇಟ್ಟೆ. ಮತ್ತೆ ಅಲ್ಲಿಗೇ ಏರಿತು. ಆಮೇಲೆ ಬೇರನ್ನು ನೋಡಿದೆ. ಪ್ರತಿಯೊಂದು ಬೇರೂ ಗೋಡೆಯವರೆಗೆ ಹೋಗಿ, ಮುಟ್ಟಿ, ತುದಿ ಕಂದಾಗಿ, ಬಂದ ದಾರಿಯಲ್ಲೇ ಒಳಕ್ಕೆ ತಿರುಗಿತ್ತು. ಬಿಸಿ ಬಾಣಲೆ ಮುಟ್ಟಿದ ಮಗು ಕೈ ಹಿಂದಕ್ಕೆ ಎಳೆದುಕೊಳ್ಳುವ ಹಾಗೆ.

ಟೀ ಗಿಡಕ್ಕೆ ಸುಣ್ಣ ಆಗದು. ಈ ಬೆಟ್ಟದಲ್ಲಿ ಟೀ ಬೆಳೆಯುವ ಯಾರನ್ನು ಕೇಳಿದರೂ ಹೇಳುತ್ತಾರೆ, ಅಕ್ಕನಿಗೂ ಗೊತ್ತು, ನನಗೂ ಗೊತ್ತಿತ್ತು, ಪುಸ್ತಕದಲ್ಲೂ ಇದೆ. ಆದರೆ ಕೊಳವೆ ನಮಗೆ ಕೊಳವೆಯಾಗಿತ್ತು, ಅದು ಮಣ್ಣಿನ ಭಾಗ ಎಂದು ನಾವ್ಯಾರೂ ಎಣಿಸಿರಲಿಲ್ಲ. ಮ್ಯಾನೇಜರಿಗೆ ಅದು ಕಾನೂನಿನ ಸುಣ್ಣ, ನನಗೆ ಬೂಷ್ಟಿನ ಮದ್ದು, ಅಕ್ಕನಿಗೆ ಕಾಲೇಜಿನ ಸಾಮಾನು. ಇನ್ನೂ ಕೆಟ್ಟದ್ದೆಂದರೆ, ಈ ಕೊಳವೆಯನ್ನು ಬಿಚ್ಚದೆ ಗುಂಡಿಗೆ ಇಳಿಸಿ ಎಂದು ಊರೆಲ್ಲ ಸಾರಿದವಳು ನಾನೇ. ಹಾಗೆ ಇಳಿಸಿದರೆ ಒಂದೊಂದು ಗಿಡದ ಬುಡಕ್ಕೂ ಸುಣ್ಣದ ಕಾಲರು ಹಾಕಿ ಹೂತ ಹಾಗೆ.

ಸಮಿತಿ ಬರುವುದಕ್ಕೆ ಎರಡು ವಾರವೂ ಇರಲಿಲ್ಲ. ಮುಖ್ಯಸ್ಥರ ಕೋಣೆಗೆ ಹೋಗಿ ಸೀಳಿದ ಕೊಳವೆಯನ್ನು ಮೇಜಿನ ಮೇಲಿಟ್ಟೆ. ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಬೇರನ್ನು ತುಂಬ ಹೊತ್ತು ನೋಡಿದರು. ಆಮೇಲೆ ತಮಿಳಿನಲ್ಲಿ ಮೆಲ್ಲಗೆ ಹೇಳಿದರು.

"ಮಣ್ಣಿನ ಹುಳಿ ಕಮ್ಮಿಯಾದರೆ ನರ್ಸರಿಯಲ್ಲಿ ಅಲ್ಯೂಮಿನಿಯಂ ಸಲ್ಫೇಟ್ ಹಾಕುವುದು ಮಾಮೂಲು ತಾನೆ? ಹಾಕಿ. ಎಲೆಗೆ ಕಬ್ಬಿಣದ ದ್ರಾವಣ ಸಿಂಪಡಿಸಿ. ಹತ್ತು ದಿನದಲ್ಲಿ ಹಸಿರಾಗುತ್ತೆ. ಸಮಿತಿ ನೋಡಿ ಹೋಗಲಿ. ಹುದ್ದೆ ಕಾಯಂ ಆಗಲಿ. ಎರಡನೆಯ ಹಂತದಲ್ಲಿ ಸಗಣಿ ಕಲಸಿದ ಕಸ ತಗೊಂಡು ಸರಿ ಮಾಡೋಣ."

"ಸರ್, ಗೋಡೆಯಿಂದ ಸುಣ್ಣ ಇಳೀತಾನೇ ಇರುತ್ತೆ. ಎಲೆ ಹಸಿರಾದರೂ ಬೇರು ಸಾಯುತ್ತೆ."

"ನಾನು ಸುಳ್ಳು ಹೇಳಿ ಅಂದೆನಾ? ಚಿಕಿತ್ಸೆ ಮಾಡಿ ಅಂದೆ. ಕಾಯಿಲೆಯವರನ್ನು ನೋಡೋಕೆ ಜನ ಬರ್ತಾರೆ ಅಂದ್ರೆ ಮುಖ ತೊಳೆಸಿ ಕೂರಿಸಲ್ವೇ?"

ನಿಜ ಹೇಳಬೇಕೆಂದರೆ ಅವರ ಮಾತು ನನಗೆ ಹಿತವಾಗಿ ಕೇಳಿಸಿತು. ಸಲ್ಫೇಟನ್ನು ತೂಗಿಸಿ ಪೊಟ್ಟಣ ಕಟ್ಟಿಸಿಕೊಂಡೇ ಕಾಲೇಜಿನಿಂದ ಹೊರಟೆ. ಬಸ್ಸಿನಲ್ಲಿ ಆ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಾ, ಕಿಟಕಿ ತೆಗೆಯುತ್ತಾ ಮುಚ್ಚುತ್ತಾ ಕೂತಿದ್ದೆ. ಪಕ್ಕದ ಸೀಟಿನ ಹೆಂಗಸು ಸಿಟ್ಟಿಗೆದ್ದು ಬೇರೆ ಸೀಟಿಗೆ ಹೋದರು. ಎಮರಾಲ್ಡು ದಾಟುವ ಹೊತ್ತಿಗೆ ನನಗೆ ಗೊತ್ತಾಗಿತ್ತು. ಸಮಿತಿ ಒಪ್ಪಿದರೆ ಯಂತ್ರ ಬರುತ್ತದೆ, ಯಂತ್ರ ಬಂದರೆ ಅದು ನಮ್ಮ ಸಗಣಿಯ ಪ್ರಯೋಗ ಮುಗಿಯಲಿ ಎಂದು ಕಾದು ಕೂರುವುದಿಲ್ಲ. ಲೈಸೆನ್ಸ್ ಇರುವುದು ಸುಣ್ಣದ ಕಸಕ್ಕೆ. ಅದನ್ನೇ ಒತ್ತುತ್ತಾರೆ. ಹಟ್ಟಿ ಹಟ್ಟಿಗೂ ಹೋಗುತ್ತದೆ.

ಕೊಳವೆಗಳನ್ನೆಲ್ಲ ಬಿಚ್ಚಿ, ಸಸಿಗಳನ್ನು ಪಾಲಿಥೀನಿಗೆ ಬದಲಿಸಬೇಕು ಎಂದು ಅಕ್ಕನಿಗೆ ಹೇಳಿದೆ. ಅವರು ಸಂತೋಷದಿಂದ ಒಪ್ಪುತ್ತಾರೆ ಎಂದೇನೂ ನಾನು ಎಣಿಸಿರಲಿಲ್ಲ. ಆದರೆ ಅಷ್ಟು ಸಿಟ್ಟನ್ನೂ ಎಣಿಸಿರಲಿಲ್ಲ.

"ನಿಂಗ ತಲೆ ಸರಿ ಅದೆಯಾ ಟೀಚರ್? ಯಂತ್ರಕ್ಕೆ ಜಾಗ ಮಾಡೀನೆ. ಸಂಘದಾಗ ಎಲ್ಲರ ಮುಂದೆ ಮಾತು ಕೊಟ್ಟೀನೆ. ಬರೋರ ಮುಂದೆ ಕರಿ ಪಾಲಿಥೀನ್ ಇಟ್ಟು ಏನು ತೋರ್ಸೋದು? ಎಂಗ ಮುಖವಾ?"

"ಸಸಿ ಸಾಯ್ತವೆ ಅಕ್ಕ."

"ಆ ಪೊಟ್ಟಣದಾಗ ಏನದೆ?"

"ಸಲ್ಫೇಟು."

"ಹಾಕು ಮತ್ತೆ! ನಾನು ಹಾಕಿಲ್ಲೆಯಾ? ಎಂಗ ಅತ್ತೆ ಹಾಕಿಲ್ಲೆಯಾ? ಅವರು ಬಂದು ಹೋಗಲಿ. ನಾಟಿ ದಿನ ನಾನೇ ಕೊಳವೆ ಒಡೆದು ನೆಡ್ತೀನೆ. ನಿನ್ನ ಕೆಲಸನೂ ಉಳೀತದೆ, ಎಂಗ ಯಂತ್ರನೂ ಬರ್ತದೆ."

ಮರ್ಯಾದೆಯ ನಿಂಗ ಹೋಗಿ ನೀ ಆಗಿತ್ತು. ಕಾಲೇಜಿನಲ್ಲಿ ಮುಖ್ಯಸ್ಥರು, ಇಲ್ಲಿ ಅಕ್ಕ. ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು, ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಅಂಗಳದಲ್ಲೇ ಹಿಂದಕ್ಕೂ ಮುಂದಕ್ಕೂ ನಡೆದೆ. ಕೊನೆಗೆ ಅವರ ಎದುರಿಗೆ ಬಂದು ನಿಂತು ಕೇಳಿದೆ:

"ನೀವು ಒಡೆದು ನೆಡ್ತೀರಿ ಅಕ್ಕ. ಯಂತ್ರ ಬಂದ ಮೇಲೆ ಸಂಘದವರು ಒತ್ತಿ ಮಾರಿದ ಕೊಳವೇನ ಯಾರು ಒಡೀತಾರೆ? ಬಿಚ್ಚದೆ ನೆಡೋದೇ ಇದರ ಹೆಚ್ಚುಗಾರಿಕೆ ಅಂತ ನಾವೇ ಹೇಳಿ ಮಾರ್ತೀವಲ್ಲ? ಮೊದಲು ಯಾರಿಗೆ ಕೊಡ್ತೀರಿ?"

ಅಕ್ಕನ ತಂಗಿಯನ್ನು ಮೇಲಿನ ಹಟ್ಟಿಗೆ ಕೊಟ್ಟಿದ್ದಾರೆ. ಆಕೆಯೂ ಮುದಿ ಗಿಡ ಕೀಳಿಸುವುದರಲ್ಲಿದ್ದಳು, ಮೊದಲ ಕೊಳವೆಗಳು ತನಗೇ ಬೇಕೆಂದು ಆಗಲೇ ಹೇಳಿಟ್ಟಿದ್ದಳು. ಅಕ್ಕ ತಲೆಯ ವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡರು. ಸೀಳಿದ ಕೊಳವೆಯನ್ನು ಎತ್ತಿ, ತಿರುಗಿದ ಬೇರಿನ ತುದಿಯನ್ನು ಉಗುರಿನಿಂದ ಕೆರೆದರು. ತುದಿ ಪುಡಿಯಾಗಿ ಉದುರಿತು.

"ತಂಗಿ ನೆಲಕ್ಕೆ ಸುಣ್ಣ ಇಟ್ಟೆ ಅನ್ನಿಸ್ಕೊಳ್ಳೋದು ಎನಗ ಬೇಡ," ಎಂದರು. ಒಳಗೆ ಹೋದರು. ಬಾಗಿಲನ್ನು ಬೇಕೆಂದೇ ಜೋರಾಗಿ ಹಾಕಿಕೊಂಡರು. ಹೋಗೇಬಿಟ್ಟರು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಿಂಬಾಗಿಲಿನಿಂದ ಒಂದು ದೊಡ್ಡ ಗಂಟು ಹೊತ್ತು ಬಂದು ನನ್ನ ಕಾಲ ಬುಡದಲ್ಲಿ ಎಸೆದರು. ಹೊಸ ಪಾಲಿಥೀನ್ ಕೊಳವೆಗಳು. ಹೋದ ವರ್ಷವೇ ತಂದಿಟ್ಟದ್ದು, ನನ್ನ ಕೊಳವೆ ಬಂದ ಮೇಲೆ ಮಂಚದ ಕೆಳಗೆ ತಳ್ಳಿದ್ದರಂತೆ.

"ಎಸೆಯೋಕೆ ಮನಸ್ಸು ಬರಲಿಲ್ಲೆ. ನಿಂಗ ಮೇಲೆ ಅಪನಂಬಿಕೆ ಇಲ್ಲೆ ಟೀಚರ್. ಆದರೂ ಹೊಸದು," ಎಂದರು.

ನಾನು ರಜೆ ಹಾಕಿದೆ. ಕೆಲಸ ನಾನಂದುಕೊಂಡದ್ದಕ್ಕಿಂತ ಕಷ್ಟದ್ದಾಗಿತ್ತು. ಗಟ್ಟಿ ಕೊಳವೆ ಮಾಡಲು ಪಟ್ಟ ಪಾಡೆಲ್ಲ ಈಗ ನಮಗೇ ತಿರುಗಿಬಂದಿತ್ತು. ಹಿಂದಿನ ಸಂಜೆ ನೀರು ಕುಡಿಸಿ, ಬೆಳಿಗ್ಗೆ ಗರಗಸದ ಅಲಗಿನಿಂದ ಉದ್ದಕ್ಕೆ ಕೊಯ್ದು, ಮಣ್ಣಿನ ಹೆಂಟೆ ಒಡೆಯದ ಹಾಗೆ ಬಿಡಿಸಬೇಕು. ಗೋಡೆಗೆ ತಾಗಿದ ಮಣ್ಣನ್ನು ಬೆರಳಿನಿಂದ ಉದುರಿಸಬೇಕು. ಕಂದಾದ ಬೇರಿನ ತುದಿ ಕತ್ತರಿಸಬೇಕು. ಆಮೇಲೆ ಪಾಲಿಥೀನಿನ ತಳಕ್ಕೆ ಜರಡಿ ಹಿಡಿದ ಹುಳಿ ಕೆಮ್ಮಣ್ಣು ಹಾಕಿ, ಸಸಿ ಇಳಿಸಿ, ಸುತ್ತ ಮಣ್ಣು ತುಂಬಿ, ಒತ್ತದೆ ತಟ್ಟಬೇಕು. ಸಂಘದ ಹೆಂಗಸರು ಯಾರೂ ಬರಲಿಲ್ಲ. ಯಂತ್ರ ಬರುವುದಿಲ್ಲ ಎಂಬ ಸುದ್ದಿ ಹಟ್ಟಿಯಲ್ಲಿ ಆಗಲೇ ಹರಡಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಮೂಗು ಮುರಿದು ಹೋಗುತ್ತಿದ್ದರು. ಪ್ಲಾಸ್ಟಿಕ್ ಬಿಡಿಸಲು ಬಂದ ಟೀಚರು ಪ್ಲಾಸ್ಟಿಕ್ಕಿಗೇ ಸಸಿ ತುಂಬುವುದನ್ನು ನೋಡಿದರೆ ಯಾರಿಗೆ ನಗು ಬರುವುದಿಲ್ಲ?

ಭಾನುವಾರ ಸಂಜೆಗೆ ಇನ್ನೂ ಎರಡು ಸಾಲು ಉಳಿದಿತ್ತು. ಸಮಿತಿ ಮಂಗಳವಾರ ಬೆಳಿಗ್ಗೆ ಬರುವುದು. ಸೋಮವಾರ ಅಕ್ಕ ಮಣ್ಣು ಮುಟ್ಟುವುದಿಲ್ಲ, ಅವರ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿ. ಅದನ್ನು ಮುರಿಯಿರಿ ಎಂದು ಕೇಳುವ ಮನಸ್ಸೂ ನನಗಾಗಲಿಲ್ಲ. ಸೋಮವಾರ ನಾನೊಬ್ಬಳೇ ಕೂತೆ. ಅಕ್ಕ ಮಣೆ ಹಾಕಿಕೊಂಡು ಬದುವಿನ ಮೇಲೆ ಕೂತು, ಮಣ್ಣು ಮುಟ್ಟದೆ ಬಾಯಿಂದಲೇ ಅರ್ಧ ಕೆಲಸ ಮಾಡಿದರು.

"ಅದು ಆಳ ಹೋಯ್ತು, ಮೇಲೆ ಎತ್ತು. ಇದು ಸೊಟ್ಟ. ಕಾಲೇಜಾಗ ಇದನ್ನೆಲ್ಲ ಹೇಳಿಕೊಡೋದಿಲ್ಲೆಯಾ?"

"ಸುಮ್ಮನಿರಿ ಅಕ್ಕ, ಸೋಮವಾರ ಮಾತಿಗೂ ರಜೆ ಕೊಡಬಾರದಾ?"

"ಮಾತಿಗೆ ರಜೆ ಇಲ್ಲೆ," ಎಂದು ನಕ್ಕರು. ಆ ವಾರದಲ್ಲಿ ನಕ್ಕದ್ದು ಅದೇ ಮೊದಲು. ಮಧ್ಯಾಹ್ನ ಮಳೆ ಹನಿಯಿತು. ಎದ್ದು ಬಂದು ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತರು, ಕೈ ಸೋತಾಗ ಆ ಕೈಯಿಂದ ಈ ಕೈಗೆ ಬದಲಿಸುತ್ತಾ. ಕತ್ತಲಾಗುವ ಮುಂಚೆ ಮುಗಿಯಿತು. ಒಂದೇ ಒಂದು ಸಸಿಯನ್ನು ಮಾತ್ರ ಕೊಳವೆಯಲ್ಲೇ ಬಿಟ್ಟೆ.

ಸಮಿತಿಯವರು ಮೂವರು ಬಂದರು. ಜೊತೆಗೆ ಬಂದ ಮುಖ್ಯಸ್ಥರು ಕರಿ ಪಾಲಿಥೀನಿನ ಸಾಲು ನೋಡಿ ಮೋಟುಗೋಡೆಯ ಹತ್ತಿರವೇ ನಿಂತುಬಿಟ್ಟರು. ನಾನು ಮಾತನ್ನು ಸುತ್ತು ಹಾಕಲಿಲ್ಲ. ಬಿಟ್ಟಿದ್ದ ಒಂದು ಸಸಿಯ ಕೊಳವೆಯನ್ನು ಸಮಿತಿಯವರ ಮುಂದೆಯೇ ಸೀಳಿ, ನಡುವಿನ ಮಣ್ಣು, ಗೋಡೆಯ ಮಣ್ಣು, ಎರಡನ್ನೂ ಅಳೆದು ತೋರಿಸಿದೆ. ಬೇರು ಎಲ್ಲಿ ತಿರುಗಿದೆ, ಏಕೆ ತಿರುಗಿದೆ, ಬೂಷ್ಟಿಗೆ ಮದ್ದಾದದ್ದೇ ಬೇರಿಗೆ ವಿಷವಾದದ್ದು ಹೇಗೆ ಎಂದು ಹೇಳಿದೆ. ಸಗಣಿ ಕಲಸಿದ ಕಸದಿಂದ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಬೂಷ್ಟಿಗೆ ಬೇರೆ ದಾರಿ ಹುಡುಕಬೇಕು, ಇನ್ನೊಂದು ಪೂರ್ತಿ ವರ್ಷ ಬೇಕು ಎಂದೂ ಹೇಳಿದೆ. ಹಿರಿಯ ಸದಸ್ಯರೊಬ್ಬರು ಬೇರನ್ನು ಕೈಯಲ್ಲಿ ಹಿಡಿದು, "ತುಂಬ ಸ್ಪಷ್ಟವಾಗಿದೆ," ಎಂದರು. ನನಗೆ ಒಂದು ಕ್ಷಣ ಆಸೆ ಹುಟ್ಟಿತು.

"ಹಾಗಾದರೆ ಇವತ್ತಿಗೆ ನಿಮ್ಮ ಹತ್ತಿರ ತೋರಿಸುವಂಥ ವಸ್ತು ಇಲ್ಲ?" ಎಂದು ಇನ್ನೊಬ್ಬರು ಕೇಳಿದರು.

"ಇಲ್ಲ ಸರ್."

ಅವರು ಬರೆದುಕೊಂಡರು. ಅಕ್ಕ ಎಲ್ಲರಿಗೂ ಟೀ ಕೊಟ್ಟರು, ಯಂತ್ರದ ಮಾತೆತ್ತಲಿಲ್ಲ.

ಮೇ ತಿಂಗಳ ಮೊದಲಲ್ಲೇ ಗೊತ್ತಾಯಿತು. ಯೋಜನೆ ಮುಂದುವರಿಯುವುದಿಲ್ಲ, ಕಾಯಂ ಹುದ್ದೆಗೆ ಬೇರೆಯವರು. ಗುತ್ತಿಗೆ ಆ ತಿಂಗಳಿಗೇ ಕೊನೆ. ಮುಖ್ಯಸ್ಥರು ಕರೆದು ಕೂರಿಸಿ ಕಾಫಿ ತರಿಸಿದರು. ಒಳ್ಳೆಯ ಶಿಫಾರಸು ಬರೆದುಕೊಡುತ್ತೇನೆ ಎಂದರು, ಬರೆದೂ ಕೊಟ್ಟರು. ನಾನು ಕೊಯಮತ್ತೂರಿಗೆ ಬರೆದೆ, ಮೈಸೂರಿಗೆ ಬರೆದೆ, ಇನ್ನೂ ಎಲ್ಲೆಲ್ಲಿಗೋ ಬರೆದೆ. ಕೋಣೆಯಲ್ಲಿ ಪುಸ್ತಕ ಪೆಟ್ಟಿಗೆಗೆ ತುಂಬುವುದು, ತೆಗೆಯುವುದು, ಫೋನು ನೋಡುವುದು. ಒಂದು ಇಂಟರ್‌ವ್ಯೂಗೆ ಕರೆ ಬಂತು. ನಿಮ್ಮ ಯೋಜನೆಯ ಫಲಿತಾಂಶ ಏನು ಎಂದು ಕೇಳಿದರು. ಬೇರಿನ ಕಥೆ ಹೇಳಿದೆ. ಆಸಕ್ತಿಯಿಂದ ಕೇಳಿದರು, ಆಮೇಲೆ ಸುದ್ದಿಯಿಲ್ಲ. ಮಾಡಿದ್ದು ಸರಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೂ 'ಸಲ್ಫೇಟು ಹಾಕಿದ್ದರೆ ಈ ಹೊತ್ತಿಗೆ...' ಎಂದು ಶುರುವಾಗುವ ಯೋಚನೆಯನ್ನು ದಿನಕ್ಕೆ ಎಷ್ಟು ಸಲ ಅರ್ಧಕ್ಕೇ ನಿಲ್ಲಿಸಿದೆನೋ.

ಅಕ್ಕನಿಗೆ ನಾನು ಫೋನು ಮಾಡಲಿಲ್ಲ. ಏನೆಂದು ಮಾಡುವುದು? ಯಂತ್ರ ತಪ್ಪಿಸಿದವಳು ನಾನು. ಸಂಘದ ಹೆಂಗಸರು ಅವರಿಗೆ ಮುಖ ಕೊಟ್ಟು ಮಾತಾಡುತ್ತಿಲ್ಲ ಎಂದು ಬಸ್ಸಿನಲ್ಲಿ ಸಿಕ್ಕ ಯಾರೋ ಹೇಳಿದ್ದರು.

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ಸಂಜೆ ಅವರೇ ಫೋನು ಮಾಡಿದರು. ಹಿಂದೆ ಮಳೆಯ ಸದ್ದು ಜೋರಾಗಿತ್ತು.

"ಟೀಚರ್, ಸಸಿ ಎಲ್ಲಾ ಚಿಗುರ್ಯಾವೆ. ನಾಲ್ಕಾರು ಹೋದವು, ಅಷ್ಟೇ. ಮಿಕ್ಕದ್ದು ಒಳ್ಳೆ ಕಪ್ಪುಹಸಿರು."

"ಒಳ್ಳೇದಾಯ್ತು ಅಕ್ಕ."

"ನಿಂಗ ಕೆಲಸ ಏನಾಯ್ತು?"

"ಹೋಯ್ತು ಅಕ್ಕ."

ಅಯ್ಯೋ ಪಾಪ ಎನ್ನುತ್ತಾರೆ, ನಾನು ಅಳುತ್ತೇನೆ ಎಂದು ಹೆದರಿಕೊಂಡೇ ಫೋನನ್ನು ಕಿವಿಗೆ ಹಿಡಿದಿದ್ದೆ.

"ಹಂಗಾದರೆ ನಾಳೆ ಬಾ. ಗುಂಡಿ ತೋಡೋಕೆ ಆಳು ಸಿಕ್ಕಿಲ್ಲೆ. ಎಲ್ಲರಿಗೂ ಎನ್ನ ಮೇಲೆ ಸಿಟ್ಟು. ಕೂಲಿ ಕೊಡ್ತೀನೆ, ಪುಕ್ಕಟೆ ಬೇಡ. ಬೂಟು ಅದೆಯಾ?"

"ಇದೆ ಅಕ್ಕ," ಎಂದೆ.

ಆ ಇಡೀ ಮಳೆಗಾಲದಲ್ಲಿ ನನ್ನನ್ನು ಕೆಲಸಕ್ಕೆ ಕರೆದವರು ಅವರೊಬ್ಬರೇ. ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ.